ಬಲಗಡೆ ಕುಳಿತವನು

ನಮ್ಮ ಜೀಪಿನ ಸ್ಟೇರಿಂಗು ಎಡಗಡೆ ಇತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಮರ್ಯಾದೆ ಎರಡು ತಿಂಗಳು ಉಳಿದದ್ದೂ, ಆಮೇಲೆ ಕೆಸರಿನಲ್ಲಿ ಬಿದ್ದದ್ದೂ ಅದೊಂದರಿಂದಲೇ.

ಅದು ಅಮೇರಿಕದವರು ಯುದ್ಧಕ್ಕೆಂದು ಮಾಡಿದ್ದ ಗಾಡಿ. ಅವರಲ್ಲಿ ಓಡಿಸುವವರು ಎಡಕ್ಕೆ ಕೂಡುತ್ತಾರಂತೆ. ಗದಗ-ಬೆಟಗೇರಿಯ ಜನರಿಗೆ ಮಾತ್ರ ಮೋಟಾರಿನ ಬಲಗಡೆ ಕೂತವನೇ ಡ್ರೈವರ್. ಬಲಗಡೆ ಕೂಡುತ್ತಿದ್ದವನು ನಾನು. ಓಡಿಸುತ್ತಿದ್ದವಳು ನನ್ನ ಮಗಳು.

ನಾವಿನ್ನೂ ಮುಂಬೈ ಸರಕಾರದ ಕೆಳಗಿದ್ದ ಕಾಲ. ಏಕೀಕರಣ ಇಂದು ಆಗುತ್ತದೆ, ನಾಳೆ ಆಗುತ್ತದೆ ಎಂದು ಗದಗಿನಲ್ಲಿ ದಿನಕ್ಕೊಂದು ಸಭೆ ನಡೆಯುತ್ತಿತ್ತು. ಆ ವರ್ಷ ಯುಗಾದಿ ಕಳೆದ ಮೇಲೆ ಮಗಳಿಗೆ ಮಾಸ್ತರಿಕೆಯ ಹುದ್ದೆ ಬಂತು. ಊರು ಕಪ್ಪತ್ತಗುಡ್ಡದ ಬುಡದಲ್ಲಿ. ಮನೆಯವರೆಲ್ಲ ಪೇಢೆ ತಿಂದರು. ನಾನು ಪೇಢೆ ಕೈಯಲ್ಲಿ ಹಿಡಿದುಕೊಂಡೇ ಆ ಊರಿಗೆ ಹೋಗುವ ದಾರಿಯ ಬಗ್ಗೆ ವಿಚಾರಿಸತೊಡಗಿದೆ. ಮುದ್ರಣಾಲಯದಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಇಡೀ ಪುಟ ಸರಿಯಿದ್ದರೂ ಕಣ್ಣು ತಪ್ಪನ್ನೇ ಹುಡುಕುತ್ತದೆ. ಸಂಬಳ ಕೊಡುವುದೂ ಅದಕ್ಕೇ.

ಊರು ನೋಡಲು ಹೋದಾಗ ಅಲ್ಲಿನ ಗೌಡರು ನಮ್ಮನ್ನು ಕಟ್ಟೆಯ ಮೇಲೆ ಕೂಡ್ರಿಸಿ, ಚಹಾ ಕೊಟ್ಟು, ನೇರವಾಗಿ ಮಾತಿಗೆ ಬಂದರು.

"ನಮ್ಮೂರಿಗೆ ಬಂದ ಮಾಸ್ತರ್ರು ರೋಹಿಣಿ ಮಳಿಗೆ ಹ್ವಾದ್ರ ದಸರಾಕ್ಕ ಮಾರಿ ತೋರಸ್ತಾರ್ರಿ. ಹೆಣಮಗಳು ಬರ್ಲಿ, ಛಲೋನ ಆತು. ಹುಡಿಗ್ಯಾರು ಸಾಲಿ ಕಟ್ಟಿ ಹತ್ತತಾವ. ಆದ್ರ ಇಲ್ಲೆ ಒಬ್ಬಾಕಿ ಇರೂದು ಬ್ಯಾಡ, ಹಾದ್ಯಾಗ ಒಬ್ಬಾಕಿ ಬರೂದೂ ಬ್ಯಾಡ. ದಿನಾ ನೀವ ಕರ್ಕೊಂಡು ಬರ್ರಿ. ಮಳಿಗಾಲದಾಗ ಎಂಟ ದಿನಾ ಸಾಲಿ ಬಂದ್ ಬಿತ್ತಂದ್ರ, ನಾ ಗದಗಿಗೆ ಬಂದು ಬ್ಯಾರೇದವ್ರನ್ನ ಕೇಳಾಂವ. ಆಮ್ಯಾಲೆ ಸಿಟ್ಟಾಗಬಾರ್ದು."

ಮಗಳು "ಆತ್ರಿ" ಅಂದಳು. ಅವಳಿಗೆ ಎಲ್ಲದಕ್ಕೂ ಆತು. ನಾನು ಬಂದ ದಾರಿಯನ್ನು ನೆನೆಯುತ್ತಿದ್ದೆ. ಶಿರಹಟ್ಟಿ ರಸ್ತೆ ಬಿಟ್ಟು ಒಳಗೆ ಹೊರಳಿದರೆ ಮೂರು ಮೈಲಿ ಎರೆ ಹೊಲ, ಆಮೇಲೆ ಒಂದು ಹಳ್ಳ, ಹಳ್ಳದ ದಂಡೆ ಹತ್ತಿದರೆ ಮಸಾರಿಯ ಕೆಂಪು ನೆಲ, ಊರು. ಮಸಾರಿಯಲ್ಲಿ ನೀರು ಇಂಗುತ್ತದೆ. ಎರೆಯಲ್ಲಿ ಹಾಗಲ್ಲ. ಒಣಗಿದಾಗ ಕಾಲು ಸಿಗುವಷ್ಟು ಬಿರುಕು ಬಿಡುವ ಆ ಕರಿ ಮಣ್ಣು ನಾಲ್ಕು ಹನಿ ಬಿದ್ದರೆ ಹಿಟ್ಟಿನ ಹಾಗೆ ಅಂಟುತ್ತದೆ. ಹತ್ತು ಹೆಜ್ಜೆ ನಡೆದರೆ ಒಂದೊಂದು ಕಾಲಿಗೂ ಒಂದೊಂದು ಬೀಸುವ ಕಲ್ಲು ಕಟ್ಟಿದಂತೆ. ಮಳೆ ಹಿಡಿದರೆ ಎತ್ತಿನ ಬಂಡಿಯವರೂ ವಾರಗಟ್ಟಲೆ ಮನೆ ಬಿಡುವುದಿಲ್ಲ.

ಬೆಟಗೇರಿಯ ಹತ್ತಿ ಗಿರಣಿಯ ಮಿಸ್ತ್ರಿ ನನ್ನ ಬಾಲ್ಯದ ಗೆಳೆಯ. ಅವನೆದುರು ಕಷ್ಟ ತೋಡಿಕೊಂಡೆ.

"ಯುದ್ಧದ ಜೀಪ ಇದ್ರ ಹೊಕ್ಕೈತಿ ನೋಡು. ನಾಕೂ ಗಾಲಿ ಎಳಿತಾವ," ಅಂದ. "ಆದ್ರ ಲೇ, ನಿನಗ ಕೆಸರ ದಾಟೂ ಗಾಡಿ ಬೇಕೊ, ದಿನಾ ಓಡೂ ಗಾಡಿ ಬೇಕೊ?"

"ಎರಡೂ. ಅದೂ ಸೋವಿಯೊಳಗ."

"ಹಂಗಂದ್ರ ಕೂರಿಗಿ ಎಳಿಯೂ ಎತ್ತೂ ಆಗಬೇಕು, ಲಗ್ನದ ಕುದರೀನೂ ಆಗಬೇಕು, ಮ್ಯಾಲೆ ಹುಲ್ಲ ಕೇಳಬಾರ್ದು. ಆತು, ನೋಡೂಣು."

ಅಣ್ಣತಮ್ಮಂದಿರ ಪಾಲಿನಲ್ಲಿ ನನಗೆ ಎರಡು ಮಗ್ಗ ಬಂದಿದ್ದವು. ಅವು ಜೀಪಾದವು. ಒಂದೇ ಕಡೆ ಇಡೀ ಜೀಪು ಸಿಗಲಿಲ್ಲ, ಸಿಕ್ಕಿದ್ದರೂ ನಮ್ಮ ಕೈಗೆ ಎಟುಕುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ಮಾರಿದ ಡಿಸ್ಪೋಜಲ್ ಮಾಲಿನ ವ್ಯಾಪಾರಿಯೊಬ್ಬ ಪುಣೆಯಿಂದ ರೈಲಿನಲ್ಲಿ ಬರೀ ಮೈ ಕಳಿಸಿದ. ಹೊಳೆಯಾಚೆ ಅಣೆಕಟ್ಟಿನ ಕೆಲಸ ಮುಗಿಸಿ ಬಂದಿದ್ದ ಮುಂಡರಗಿಯ ಗುತ್ತಿಗೆದಾರನ ಹಿತ್ತಲಲ್ಲಿ, ಅವನು ಅಲ್ಲಿಂದ ತಂದಿದ್ದ ಎಂಜಿನ್ ಸಿಕ್ಕಿತು. ಮುಂದಿನ ಅಚ್ಚು ಲಕ್ಷ್ಮೇಶ್ವರದ ಒಂದು ವಾಡೆಯ ಲಾಯದಲ್ಲಿತ್ತು. ಅದರ ಮೇಲೆ ಕೋಳಿ ಕಾವಿಗೆ ಕೂತಿತ್ತು. ಮರಿ ಹೊರಬರುವ ತನಕ ಕಾಯಿರಿ ಎಂದರು, ಕಾದೆವು. ಮೂರನ್ನೂ ಒಂದು ಮಾಡಿದ ದಿನ ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಅಂದ: "ಮುಂಬೈ ಸರಕಾರದ್ದು ಮೈ, ಸಂಸ್ಥಾನದ್ದು ಅಚ್ಚು, ಹೊಳಿ ಆಚಿಕಿಂದು ಎಂಜಿನ್. ನಿಮ್ಮ ಮಂದಿ ಭಾಷಣಾ ಮಾಡಕೋತ ಕುಂತಾರ, ನಾ ಎರಡ ತಿಂಗಳದಾಗ ಏಕೀಕರಣ ಮಾಡೇನಿ ನೋಡ್ಲೇ!"

ನನಗೆ ಅದರ ಗಾಲಿ ಸಣ್ಣವೆನಿಸಿ, ದೊಡ್ಡವು ಹಾಕು ಎಂದು ಹಟ ಹಿಡಿದೆ. ಅವನು ಕೇಳಲಿಲ್ಲ. ದೊಡ್ಡ ಗಾಲಿ ಒಂದು ದಿನ ಮೆರೆದು ಎರಡನೆಯ ದಿನ ಅಚ್ಚು ಮುರಿಯುತ್ತವೆ, ಸಣ್ಣ ಗಾಲಿ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹುಡುಕುತ್ತವೆ ಎಂದ. ಎರೆ ಸಿಕ್ಕಿಕೊಂಡು ಗಾಲಿ ಹಿಡಿಯಬಾರದೆಂದು ಮಡ್ಗಾರ್ಡುಗಳನ್ನು ನಾಲ್ಕು ಬೆರಳು ಕತ್ತರಿಸಿದ. ನೀರು ತಾಗುವ ತಂತಿಗಳಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿದ. ಹಿಂದೆ ಎರಡು ಜೊತೆ ದನ ಕಟ್ಟುವ ಕಣ್ಣಿ ಹಾಕಿದ. ತೀರ ಜಾರಿದರೆ ಗಾಲಿಗೆ ಸುತ್ತಲಿಕ್ಕೆ. ನನಗೆಂದು ಮಾಡಿದ್ದು ಒಂದೇ: ಬಲಗಡೆಯ ಸೀಟಿನ ಎದುರಿಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು.

ಗಾಡಿಯಲ್ಲಿ ಮೂರು ಸನ್ನೆಕೋಲುಗಳಿದ್ದವು. ದೊಡ್ಡದು ಗೇರು. ಎರಡನೆಯದು ಮುಂದಿನ ಗಾಲಿಗಳಿಗೂ ಎಳೆತ ಕೊಡುವುದು, ಅದಕ್ಕೆ ಮಿಸ್ತ್ರಿ 'ನಾಕೆತ್ತು' ಎಂದು ಹೆಸರಿಟ್ಟ. ಮೂರನೆಯದು ಎಳೆತ ಹೆಚ್ಚಿಸಿ ಓಟ ಕಡಿಮೆ ಮಾಡುವುದು, ಅದು 'ಎಮ್ಮಿ'. ಗಟ್ಟಿ ರಸ್ತೆಯ ಮೇಲೆ ಮುಂದಿನ ಗಾಲಿ ಬಿಡಿಸಬೇಕು ಎಂದು ಹಿತ್ತಾಳೆ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದದ್ದನ್ನು ಅವನಿಗೆ ಓದಿ ಅರ್ಥ ಹೇಳಿದವನು ನಾನೇ. ಆದರೂ ನನ್ನ ಮನಸ್ಸಿಗೆ, ಇರುವುದನ್ನು ಬಿಡಿಸುವುದು ಯಾಕೆ, ಇರಲಿ ಬಿಡು, ಭದ್ರ ಅನ್ನಿಸುತ್ತಿತ್ತು. ಗದಗಿನ ಸಪಾಟ ರಸ್ತೆಯ ಮೇಲೆ ಮಿಸ್ತ್ರಿಯ ಕೈಯಿಂದ ನಾಕೆತ್ತು ಹಾಕಿಸಿಯೇ ಓಡಿಸಿದೆ. ಗಾಡಿ ನರಳಿತು, ಟೈರು ತಿಕ್ಕಿತು, ತಿರುವಿನಲ್ಲಿ ಬಿಗಿದುಕೊಂಡಿತು. ಮಿಸ್ತ್ರಿ ರಸ್ತೆಯ ನಡುವೆಯೇ ಬೈದ: "ಛಲೋ ಹಾದ್ಯಾಗ ನಾಕೂ ಹೂಡಿದ್ರ ಒಂದಕ್ಕೊಂದು ಜಗ್ಗತಾವ. ಹಗಲೆಲ್ಲಾ ಬಿಗದ ಇಡಾಕ ಅದೇನ್ ನಿನ್ನ ತಲೀ ಏನ್ಲೇ?"

ಓಡಿಸಲು ಕಲಿಯಬೇಕಾದವನು ನಾನೇ. ಗಿರಣಿಯ ಅಂಗಳದಲ್ಲಿ ಮೊದಲ ದಿನ ಹತ್ತಿಯ ರಾಶಿಗೆ ನುಗ್ಗಿಸಿದೆ. ಎರಡನೆಯ ದಿನವೂ ಅದೇ ರಾಶಿ. ಕೈ ಕೆಲಸ ಮಾಡಿದರೆ ಕಾಲು ನಿಲ್ಲುತ್ತಿತ್ತು. ಮೂರನೆಯ ದಿನ ಮಗಳು, "ಅಪ್ಪಾ, ನಾ ಒಂದ ಸಲ ಕುಂಡ್ರಲಿ?" ಅಂದಳು. ಅವಳು ಚಿಕ್ಕಂದಿನಿಂದ ಮನೆಯ ಕುಣಿಮಗ್ಗದಲ್ಲಿ ಕೂತವಳು. ಕಾಲು ಒಂದಾದ ಮೇಲೊಂದು ಹಲಗೆ ತುಳಿಯುವುದು, ಕೈ ಲಾಳಿ ಎಳೆಯುವುದು, ಕಣ್ಣು ಮಾತ್ರ ಸೆರಗಿನ ಮೇಲೆ. ಕ್ಲಚ್ಚು ಅವಳಿಗೆ ಇನ್ನೊಂದು ಹಲಗೆ, ಅಷ್ಟೆ. ಅಂಗಳದಲ್ಲಿ ಎರಡು ಸುತ್ತು ಹಾಕಿ ರಾಶಿಯ ಪಕ್ಕದಲ್ಲಿ ನಿಲ್ಲಿಸಿದಳು.

"ಈಕಿಗೆ ಕಲಸೂದೇನೈತಿ," ಅಂದ ಮಿಸ್ತ್ರಿ. "ನಿನಗ ಮಗ್ಗಾ ಬಿಡಿಸಿ ಓದಿಸಿದರಲ್ಲ, ಆವಾಗ ನಿನ್ನ ಕಾಲು ಹಾಳಾದೂ."

ಅವಳು ಪರವಾನಗಿಯನ್ನೂ ತೆಗೆದುಕೊಂಡಳು. ನನಗೆ ಆಗ ಹೊಸ ಚಿಂತೆ ಹತ್ತಿತು. ಗೌಡರು ಅಂದದ್ದು 'ನೀವು ಕರ್ಕೊಂಡು ಬರ್ರಿ' ಎಂದು. ಮಗಳು ಓಡಿಸಿ ನಾನು ಕೂತು ಬಂದರೆ ಅದು ಕರೆದುಕೊಂಡು ಬಂದಂತೆ ಆದೀತೆ? ಹೆಣ್ಣುಮಗಳು ಮೋಟಾರು ಹೊಡೆಯುತ್ತಾಳೆಂದು ಗೊತ್ತಾದರೆ ಇವಳ ಸಹವಾಸವೇ ಬೇಡವೆಂದರೆ? ಹುದ್ದೆ ಹೋದರೆ? ಹೆಂಡತಿ ನನ್ನ ಮಾತು ನಡುವೆಯೇ ತುಂಡರಿಸಿದಳು: "ನೀವು ಆಕಿ ಸಂಗಾಟ ಹೋಗ್ರಿ. ಆಕಿಗೆ ಧೈರ್ಯ ಅಂತಲ್ಲ, ನೀವು ಮನ್ಯಾಗ ಉಳದ್ರ ನಮಗ ಗಾಬರಿ."

ದಾರಿ ತೋರಿದ್ದು ಹಳೆಯ ನಾಕಾದ ಪೊಲೀಸ. ಶಿರಹಟ್ಟಿಯ ಕಡೆ ಮೊದಲು ಸಂಸ್ಥಾನದ ಗಡಿಯಿತ್ತು. ಸಂಸ್ಥಾನ ಹೋದರೂ ನಾಕಾ ಇತ್ತು, ಪೊಲೀಸನೂ ಇದ್ದ. ಮಗಳು ಜೋರಾಗಿ ಬಂದು ಗಕ್ಕನೆ ನಿಲ್ಲಿಸಿದಾಗ ಅವನು ನೇರವಾಗಿ ನನ್ನ ಕಡೆ ಬಂದು, "ಏನ್ರಿ ಯಜಮಾನ್ರ, ಹೆಣಮಗಳನ್ನ ಕುಂಡ್ರಿಸಿಕೊಂಡು ಹಿಂಗ ಹೊಡಿತೀರೇನ? ಸಾವಕಾಶ ಹೊಡೀರಿ!" ಎಂದು ಗದರಿದ. ನಾನು ತಪ್ಪಾಯಿತೆಂದೆ. ಮಗಳು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಜನ ಜಾಗ ನೋಡುತ್ತಾರೆ, ಕೈ ನೋಡುವುದಿಲ್ಲ ಎಂಬುದು ನನಗೆ ಹೊಳೆದದ್ದು ಆಗ. ಜೀಪಿಗೆ ಕ್ಯಾನ್ವಾಸ್ ಮುಚ್ಚಿಗೆ ಹೊಲಿಸಿದೆ. ಊರ ಹೊರಗಿನ ಬೇವಿನ ಗಿಡದ ಕೆಳಗೇ ನಿಲ್ಲಿಸಬೇಕೆಂದು ಮಗಳಿಗೆ ತಾಕೀತು ಮಾಡಿದೆ. ನಾನು ಎದೆ ಸೆಟೆಸಿ, ಸರಳು ಹಿಡಿದು, ಮುಂದೆ ಬಾಗಿ ಕೂಡತೊಡಗಿದೆ.

ಅವಳು ಪಾಠ ಹೇಳುವಷ್ಟು ಹೊತ್ತು ನಾನು ಗಿಡದ ಕೆಳಗೆ ಕೂತು ಕರಡು ತಿದ್ದುತ್ತಿದ್ದೆ. ಸಂಜೆಗೆ ಕೆಲಸ ಕೈಗೆ ಸಿಕ್ಕರೆ ಸಾಕು ಎಂದಿದ್ದರು ಮುದ್ರಣಾಲಯದ ಮಾಲೀಕರು. ಪಂಚಾಂಗದ ಕರಡು ನಡೆದಿತ್ತು. ಒಂದು ಆಡು ಶ್ರಾವಣ ಮಾಸದ ಅರ್ಧ ತಿಂದುಹಾಕಿತು. ಅದಕ್ಕಿಂತ ದೊಡ್ಡ ಪೀಡೆ ದಾರಿಹೋಕರದು.

"ಬೆಟಗೇರ್ಯವರ, ಬಂಡಿ ಹೋಗಬೇಕು. ಗಾಡಿ ಚೂರ ಸರಸ್ರಿ."

"ಎಂಜಿನ್ ಇನ್ನಾ ಆರಬೇಕ್ರಿ."

"ಮುಂಜಾನಿಂದ ಆರಾಕತ್ತೈತ್ರಿ!"

"ಅಮೇರಿಕದ್ದು ನೋಡ್ರಿ. ತಡಾ ಆಗತೈತಿ."

ಅವರು ಬಂಡಿಯನ್ನೇ ಸುತ್ತು ಹಾಕಿಸಿ ಒಯ್ಯುತ್ತಿದ್ದರು. ಎಷ್ಟು ಒಳ್ಳೆಯ ಜನ, ಎಷ್ಟು ಸುಲಭವಾಗಿ ನಂಬುತ್ತಾರೆ ಎಂದುಕೊಳ್ಳುತ್ತಿದ್ದೆ.

ಶಾಲೆಯಲ್ಲಿ ಹುಡುಗಿಯರು ಮೂವರಿದ್ದವರು ಹನ್ನೊಂದಾದರು. ನಾನು ಮುಗಿಲು ನೋಡುತ್ತಿದ್ದೆ. ಆರಿದ್ರಾ ಹೋಯಿತು, ಪುನರ್ವಸು ಹನಿ ಹನಿಯಾಗಿ ಹೋಯಿತು. ಪುಷ್ಯ ಮಳೆ ಹಿಡಿದು ಸುರಿಯಿತು. ಎರಡು ದಿನ ಹೋಗಲು ಸಾಧ್ಯವೇ ಆಗಲಿಲ್ಲ. ಮೂರನೆಯ ದಿನ ಮುಂಜಾನೆ ಮಳೆ ನಿಂತು ಹೊಳವಾಯಿತು. ಮಗಳು, "ಇವತ್ತ ಹೋಗೂದ. ಎಂಟ ದಿನಾ ಎಣಸ್ಕೋತ ಕುಂತಾರ ಗೌಡ್ರು," ಅಂದಳು.

ಎರೆಗೆ ಹೊರಳುವಾಗ ನಾಕೆತ್ತು ಹಾಕಿದಳು. ಗಾಲಿಗೆ ಕಣ್ಣಿ ಸುತ್ತಿದೆವು. ಮೂರು ಮೈಲಿ ಗಾಡಿ ಮುಗ್ಗರಿಸುತ್ತ, ಅಡ್ಡಡ್ಡ ಜಾರುತ್ತ, ಆದರೂ ನಡೆಯಿತು. ನಾನು ಸರಳಿಗೆ ಜೋತುಬಿದ್ದು ಎಡಕ್ಕ, ಬಲಕ್ಕ, ಸಾವಕಾಶ, ಜಲ್ದಿ ಎಂದು ಎಲ್ಲವನ್ನೂ ಹೇಳುತ್ತಿದ್ದೆ. ಹಳ್ಳದಲ್ಲಿ ಮೊಣಕಾಲಷ್ಟು ನೀರು. ದಾಟಿದೆವು. ಆಚೆ ದಂಡೆಯ ಏರಿನಲ್ಲಿ ಗಾಡಿ ನಿಂತುಬಿಟ್ಟಿತು. ಗಾಲಿ ತಿರುಗುತ್ತವೆ, ಗಾಡಿ ಕೂಡುತ್ತದೆ.

"ಅಪ್ಪಾ, ಇಳದು ಹಿಂದಿನಿಂದ ನೂಕು. ಎದ್ದರ ನಾ ನಿಂದ್ರಂಗಿಲ್ಲ ಮತ್ತ. ನಿಂತ್ರ ಹುಗಿತೈತಿ. ಮಸಾರಿಗೆ ಹೋಗೇ ನಿಂದ್ರತೇನಿ."

ಇಳಿದೆ. ಅವಳು 'ಎಮ್ಮಿ' ಹಾಕಿದಳು. ಭುಜ ಕೊಟ್ಟು ನೂಕಿದೆ. ಕೆಸರು ಮುಖಕ್ಕೆ ಹೊಡೆಯಿತು. ಗಾಡಿ ಒಮ್ಮೆ ನಡುಗಿ ಮೇಲೆದ್ದಿತು, ಅದೇ ಎಮ್ಮೆಯ ಹೆಜ್ಜೆಯಲ್ಲಿ ಏರು ಹತ್ತತೊಡಗಿತು. ನಾನು ಮೊಣಕಾಲ ತನಕ ಹೂತು, ಒಂದು ಚಪ್ಪಲಿ ಕಳೆದುಕೊಂಡು ಅಲ್ಲೇ ನಿಂತಿದ್ದೆ. ಕಣ್ಣೊರೆಸಿ ನೋಡಿದರೆ ದಂಡೆಯ ಮೇಲೆ ಗೌಡರು. ನಮ್ಮನ್ನು ಎಳೆಸಲೆಂದು ಒಂದು ಜೋಡಿ ಎತ್ತು ಹೊಡೆದುಕೊಂಡು ಬಂದಿದ್ದರು.

"ಬೆಟಗೇರ್ಯವರ! ನಿಮ್ಮ ಗಾಡಿ ನಿಮ್ಮನ್ನ ಬಿಟ್ಟ ಹೊಂಟೈತಲ್ರಿ!"

ಬಾಯಿಗೆ ಬಂದದ್ದು ಹೇಳಿದೆ: "ಇಳಕಲ ಐತಲ್ರಿ... ತಾನ ಹೊಂಟೈತಿ."

ಗೌಡರು ಗಾಡಿಯನ್ನು ನೋಡಿದರು, ನನ್ನನ್ನು ನೋಡಿದರು. "ಇಳಕಲೇನ್ರಿ? ಏರ ಹತ್ತಾಕತ್ತೈತಿ ಅದು."

ನಾನು ಬಗ್ಗಿ ಕಳೆದ ಚಪ್ಪಲಿ ಹುಡುಕತೊಡಗಿದೆ. ಅವರು ಕೈ ಕೊಟ್ಟು ನನ್ನನ್ನು ಎಳೆದುಕೊಂಡರು.

"ಮದ್ಲನೇ ದಿನಾನ ಗೊತ್ತಿತ್ರಿ ನಮಗ. ಗಾಡಿ ಹೊಡಿಯಾಂವ ಎರಡೂ ಕೈಲೆ ಸರಳ ಹಿಡಕೊಂಡು, ಕಣ್ಣ ಮುಚಗೊಂಡು ಹಳ್ಳಾ ದಾಟತಾನೇನ್ರಿ? ಇಡೀ ಊರಿಗೆ ಗೊತ್ತೈತಿ. ನಿಮಗ ಕಸಿವಿಸಿ ಆದೀತಂತ ಯಾರೂ ಅನ್ನಲಿಲ್ಲ. ಬಂಡಿಯವ್ರು ಸುಮ್ನ ಗಾಡಿ ಸರಸ್ರಿ ಅಂತ ಕಾಡತಿದ್ರು, ನಿಮ್ಮ ಬಾಯಿಂದ ಏನ ಬರತೈತಿ ಕೇಳಾಕ."

ನಗು ಬರಲಿಲ್ಲ ನನಗೆ. "ಮತ್ತ... ಆಕಿ ಕೆಲಸ, ಗೌಡ್ರ?"

ಅಷ್ಟರಲ್ಲಿ ಊರ ಕಡೆಯಿಂದ ಶಾಲೆಯ ಗಂಟೆ ಕೇಳಿಸಿತು. ಗೌಡರು ಕೆಸರಿನಲ್ಲಿ ನಿಂತ ತಮ್ಮ ಎತ್ತುಗಳ ಕೊರಳು ತೀಡುತ್ತ ಅಂದರು: "ಇವು ಇಲ್ಲೆ ಅದಾವ, ಆಕಿ ಅಲ್ಲೆ ಘಂಟಿ ಬಾರಸಾಕತ್ತಾಳ. ಇನ್ನ ನಾ ಗದಗಿಗೆ ಬಂದು ಯಾರನ್ನ ಕೇಳ್ಲಿ? ಒಬ್ಬಾಕೀನ ಬರ್ಲಿ. ನಾಳಿಂದ ನೀವು ಬರೂದು ಬ್ಯಾಡ್ರಿ. ನೀವು ಇಳದ ಮ್ಯಾಲೆ ಅಲ್ಲೇನು ಗಾಡಿ ಎದ್ದದ್ದು?"

ಕೇಳಬೇಕೆಂದಿದ್ದ ಮಾತೇ ಅದು. ಎರಡು ತಿಂಗಳಿಂದ ನಿದ್ದೆಯಲ್ಲೂ ಕಾಡಿದ ಹುದ್ದೆ ಉಳಿಯಿತು. ಆದರೂ ಒಂದೇ ಚಪ್ಪಲಿಯಲ್ಲಿ ಕೆಂಪು ನೆಲದ ಮೇಲೆ ಶಾಲೆಯ ಕಡೆ ನಡೆಯುವಾಗ, ಕೆಲಸ ಕಳೆದುಕೊಂಡವನು ನಾನೇ ಎಂಬಂತೆ ಅನ್ನಿಸಿತು. ಕಿಟಕಿಯಿಂದ ಇಣುಕಿದೆ. ಮಗಳು ಹಾಜರಿ ಕರೆಯುತ್ತಿದ್ದಳು, ಗಲ್ಲದ ಮೇಲೆ ಕೆಸರು. ನನ್ನನ್ನು ನೋಡಿ, ಪುಸ್ತಕದಿಂದ ಬೆರಳು ತೆಗೆಯದೆ, ಹುಬ್ಬು ಹಾರಿಸಿ ಮುಂದಿನ ಹೆಸರು ಕರೆದಳು.

ಈಗ ನಾವು ಮೈಸೂರು ರಾಜ್ಯದವರು. ಅವಳು ಒಬ್ಬಳೇ ಹೋಗಿ ಬರುತ್ತಾಳೆ. ನಾನು ಮುದ್ರಣಾಲಯದಲ್ಲಿ ಕೂತು ಕರಡು ತಿದ್ದುತ್ತೇನೆ. ಮುಗಿಲು ಕಪ್ಪಾದರೆ ತಪ್ಪುಗಳು ಕಣ್ಣಿಗೆ ಬೀಳದೆ ದಾಟಿಹೋಗುತ್ತವೆ. ಮಾಲೀಕರು ಗೊಣಗುತ್ತಾರೆ. ಸಂಜೆ ಐದಾಗುವ ಮೊದಲೇ ಕೊಡೆ ಹಿಡಿದು ಗದಗಿನ ಆಚೆ ಶಿರಹಟ್ಟಿ ರಸ್ತೆಯಲ್ಲಿ ನಿಲ್ಲುತ್ತೇನೆ. ಅವಳ ಜೀಪಿನ ಸದ್ದು ಲಾರಿಗಳ ನಡುವೆಯೂ ಗೊತ್ತಾಗುತ್ತದೆ. "ಮತ್ತ ಯಾಕ ಬಂದಿ ಅಪ್ಪಾ?" ಅನ್ನುತ್ತ ನಿಲ್ಲಿಸುತ್ತಾಳೆ. ನಾನು ಬಲಗಡೆ ಹತ್ತಿ ಕೂಡುತ್ತೇನೆ.

ಊರೊಳಗೆ ಹೊಕ್ಕಾಗ ಯಾರಾದರೂ ಕಟ್ಟೆಯಿಂದ ಕೂಗುತ್ತಾರೆ: "ಏನ್ರಿ, ಗಾಡಿ ಭಾರಿ ಹೊಡಿತೀರಲ್ರಿ!"

ನಾನು ನಮಸ್ಕಾರ ಮಾಡುತ್ತೇನೆ. ಸರಳು ಬಿಡದೆ, ಒಂದೇ ಕೈಯಿಂದ.