ಕೆಂಚಪ್ಪನವರ ಮ್ಯಾಗ್ನೆಟ್

ನಾಯಂಡಹಳ್ಳಿಯ ಚರ್ಮದಂಗಡಿಗೆ ಕೆಂಚಪ್ಪನವರು ಬರುತ್ತಿದ್ದಾರೆಂದರೆ ಮಾಲೀಕ ಭೈರೇಶ್ ಥಳಥಳ ಹೊಳೆಯುವ ಬಕಲುಗಳನ್ನೆಲ್ಲ ಕೌಂಟರ್ ಕೆಳಗೆ ತಳ್ಳಿ ಎರಡು ಟೀ ಹೇಳುತ್ತಾನೆ. ಮದುವೆಗಳಿಗೆ ಸಾರೋಟು ಬಾಡಿಗೆಗೆ ಕೊಡುವ ಈ ಕೆಂಚಪ್ಪನವರು ಮನೆಯ ಸೈಟು ಕೊಂಡಾಗ ಕಾಗದಪತ್ರವನ್ನೂ ತಿರುವಿ ನೋಡಿರದಷ್ಟು ಕುದುರೆಯ ಒಂದು ಎದೆಪಟ್ಟಿಯನ್ನು ತಿರುವಿ ನೋಡುತ್ತಾರೆ. ಹಿತ್ತಾಳೆ ಎಂದರೆ ಸಾಕು, ಜೇಬಿನಿಂದ ಮ್ಯಾಗ್ನೆಟ್ ಹೊರಬರುತ್ತದೆ. ಅಂಟಿಕೊಂಡಿತೋ, "ಕಬ್ಬಿಣಕ್ಕೆ ಬಣ್ಣ ಬಳ್ದು ನಂಗೇ ತೋರಿಸ್ತೀಯೇನಯ್ಯ? ಬೆವರು ತಾಗಿದ್ರೆ ತುಕ್ಕು!" ರೆಕ್ಸಿನ್ ತೆಗೆದರೆ, "ಇದನ್ನ ನಿನ್ ಸೋಫಾಗೆ ಹೊದಿಸ್ಕೋ." ಚರ್ಮವನ್ನು ಕಾಫಿಪುಡಿಯಂತೆ ಮೂಸುತ್ತಾರೆ, ಮಡಚಿ ಕಿವಿಗೆ ಹಿಡಿಯುತ್ತಾರೆ, ಕೊನೆಗೆ ಕಣ್ಣು ಮುಚ್ಚಿ ಅದರ ಒಳಮೈಯನ್ನು ತಮ್ಮ ಕೆನ್ನೆಗೆ ಉಜ್ಜಿಕೊಳ್ಳುತ್ತಾರೆ, ಇದಕ್ಕೆಂದೇ ಅಂದು ಬೆಳಿಗ್ಗೆ ನುಣ್ಣಗೆ ಕ್ಷೌರ ಮಾಡಿಸಿಕೊಂಡು ಬಂದಿರುತ್ತಾರೆ. ಒಂದೇ ಒಂದು ಹೊಲಿಗೆ ಚುಚ್ಚಿದರೂ ಇಡೀ ಸರಂಜಾಮು ವಾಪಸ್. ಮೊನ್ನೆ ಭೈರೇಶ್ ತಾಳ್ಮೆಗೆಟ್ಟು, "ಬಿಡಿ ಅಣ್ಣ, ಫೋಟೋದಲ್ಲಿ ಹೊಳೆದ್ರೆ ಸಾಕು. ಕುದುರೆಗೇನ್ ಗೊತ್ತಾಗುತ್ತೆ?" ಎಂದುಬಿಟ್ಟ. ಕೆಂಚಪ್ಪನವರು ಟೀ ಅರ್ಧಕ್ಕೇ ಬಿಟ್ಟು, ಅವನನ್ನು ಹಿಂದಿನ ರಸ್ತೆಯಲ್ಲಿರುವ ತಮ್ಮ ಲಾಯಕ್ಕೆ ಕರೆದೊಯ್ದರು. ಆರು ವರ್ಷದಿಂದ ಸಾರೋಟಿಗೆ ಕಟ್ಟದೆ ಸುಮ್ಮನೆ ಸಾಕಿರುವ ಮಲ್ಲಿಗೆ ಎಂಬ ಮುದಿ ಕುದುರೆ ಅಲ್ಲಿ ಹುಲ್ಲು ಮೆಲ್ಲುತ್ತಿದ್ದಳು. ಅವಳ ಎದೆಯ ಮೇಲೆ ಪಟ್ಟಿ ಉಜ್ಜಿದಷ್ಟು ಅಗಲಕ್ಕೆ ಇವತ್ತಿಗೂ ಕೂದಲಿಲ್ಲ. "ಆ ಪಟ್ಟಿ ಆರಿಸಿದ್ದು ನಾನೇ ಕಣಯ್ಯ," ಎಂದರು ಕೆಂಚಪ್ಪನವರು, "ನೀನೀಗ ಅಂದ್ಯಲ್ಲ, ಅದೇ ಮಾತು ಹೇಳ್ಕೊಂಡು."