ರಿಪೇರಿ ಅಕ್ಕ ರಿಪೇರಿ ಮಾಡದ ದಿನ

ಅವಳು ಪೈಲಟ್ ಎನ್ನುವುದು ಬೀದಿಗೆಲ್ಲ ಗೊತ್ತಿತ್ತು. ಆದರೆ ಬೀದಿಗೆ ಅದರಿಂದ ಆಗಬೇಕಾದದ್ದೇನೂ ಇರಲಿಲ್ಲ. ಬೇಕಾಗಿದ್ದದ್ದು ಅವಳ ಕೈ. ಮಿಕ್ಸಿ ಗೊರಗೊರ ಎಂದರೆ, ನಲ್ಲಿ ತೊಟ್ಟಿಕ್ಕಿದರೆ, ಇಸ್ತ್ರಿಪೆಟ್ಟಿಗೆ ಮುನಿಸಿಕೊಂಡರೆ ಎಲ್ಲರೂ ನೇರ ಅವಳ ಬಾಗಿಲಿಗೆ ಬರುತ್ತಿದ್ದರು. ಹಾಗಾಗಿ ರಿಪೇರಿ ಅಕ್ಕ ಎಂಬ ಹೆಸರು ಅಂಟಿಕೊಂಡಿತ್ತು. ಕರೆಯದಿದ್ದರೂ ಅವಳು ಬಿಡುವವಳಲ್ಲ. ನೆಂಟರ ಮನೆಗೆ ಊಟಕ್ಕೆ ಹೋದವಳು ಅವರ ಕದದ ಚಿಲಕ ಬಿಚ್ಚಿಕೊಂಡು ಕೂತು, ಬಡಿಸಿದ್ದೆಲ್ಲ ಆರಿಹೋದದ್ದುಂಟು.

"ಕೆಟ್ಟಿದ್ದು ಕಂಡ್ರೆ ಸಾಕು, ಇವಳ ಕೈ ತುರಿಸತ್ತೆ. ಮನೇಲಿ ಇನ್ನು ನನ್ನ ಮಗ ಒಬ್ಬ ಉಳ್ಕೊಂಡಿದಾನೆ, ಅವನನ್ನೂ ಒಂದಿನ ಬಿಚ್ಚಿ ಜೋಡಿಸ್ತಾಳೆ," ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಸೊಸೆಯ ಮೇಲಿನ ಹೆಮ್ಮೆಯನ್ನು ಮುಚ್ಚಿಡುವುದು ಆ ಹೆಂಗಸಿಗೆ ಬರುತ್ತಿರಲಿಲ್ಲ.

ಮನೆಯಲ್ಲಿ ಮೆಚ್ಚಿಸಿಕೊಂಡ ಗುಣವೇ ಕೆಲಸದಲ್ಲಿ ಮುಳುವಾಗಿತ್ತು. ಅವಳು ಹಾರಿಸುತ್ತಿದ್ದದ್ದು ಎಂಟು ಜನ ಕೂರುವ ಸಣ್ಣ ಹಳೆಯ ಜೆಟ್. ಎಡ ಸೀಟು ಕ್ಯಾಪ್ಟನ್‌ಗೆ, ಬಲ ಸೀಟು ಸಹಾಯಕ ಪೈಲಟ್‌ಗೆ. ನಡುವೆ ಇರುವುದು ಒಂದು ಮೊಳ ದೂರ. ಆ ಒಂದು ಮೊಳ ದಾಟಿ ಕ್ಯಾಪ್ಟನ್ ಆಗುವ ಪರೀಕ್ಷೆಯಲ್ಲಿ ಅವಳು ಎರಡು ಸಲ ಫೇಲಾಗಿದ್ದಳು. ಆಕಾಶದಲ್ಲಿ ಏನೇ ಕೆಡಲಿ, ಒಬ್ಬರು ಹಾರಿಸಬೇಕು, ಇನ್ನೊಬ್ಬರು ಕೆಟ್ಟದ್ದನ್ನು ನೋಡಬೇಕು. ಹಾರಿಸುವವರು ಅದಕ್ಕೆ ಕೈ ಹಾಕಕೂಡದು. ಇದು ಆ ಕೆಲಸದ ಮೊದಲ ಪಾಠ. ಇವಳೋ ಎರಡು ಸಲವೂ ಏನೋ ಕೆಟ್ಟಿತೆಂದ ಕೂಡಲೇ ಅದರ ಬೆನ್ನು ಹತ್ತಿದ್ದಳು, ವಿಮಾನ ಅದರ ಪಾಡಿಗೆ ಕೆಳಗಿಳಿಯತೊಡಗಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ. ಮೂರನೆಯದೇ ಕೊನೆಯ ಅವಕಾಶ. ತಪ್ಪಿದರೆ ನಿವೃತ್ತಿಯವರೆಗೆ ಬಲ ಸೀಟೇ ಗತಿ.

ಮೂರನೆಯ ಪರೀಕ್ಷೆಯ ದಿನ ಅವಳು ಎಡಗಡೆ ಕೂತಳು, ಪರೀಕ್ಷಕರು ಬಲಗಡೆ. ದಪ್ಪ ಬೆರಳಿನ, ನಕ್ಕರೆ ನಷ್ಟವಾದೀತು ಎಂಬಂತಿದ್ದ ಮನುಷ್ಯ. ಹಿಂದಿನ ಸೀಟುಗಳು ಖಾಲಿ. ಎಲ್ಲವೂ ಬೆಣ್ಣೆಯಂತೆ ನಡೆದು, ಇಳಿಯುವ ಹೊತ್ತಿಗೆ ಚಕ್ರ ಇಳಿಸಿದರು. ಚಕ್ರಕ್ಕೊಂದರಂತೆ ಮೂರು ಹಸಿರು ದೀಪ ಹತ್ತಬೇಕು. ಎರಡೇ ಹತ್ತಿದವು, ಬಲ ಚಕ್ರದ್ದು ಹತ್ತಲಿಲ್ಲ.

"ಸಾರ್, ಇದೂ ಪರೀಕ್ಷೇನಾ?"

"ಅಲ್ಲಮ್ಮ. ಇದು ನಿಜವಾಗ್ಲೂ ಕೆಟ್ಟಿದೆ."

ಅವಳು ವಿಮಾನವನ್ನು ಮತ್ತೆ ಮೇಲೆತ್ತಿದಳು. ಕಂಟ್ರೋಲ್ ಟವರ್‌ಗೆ ತಿಳಿಸಿ, ಅವರು ಹೇಳಿದ ಎತ್ತರದಲ್ಲಿ ಸುತ್ತತೊಡಗಿದಳು. ಬಲ ಚಕ್ರವೇ ಇಳಿದು ಬಿಗಿಯಾಗಿ ಕೂತಿಲ್ಲವೋ, ಬರೀ ಬಲ್ಬ್ ಹೋಗಿದೆಯೋ? ಉರಿಯುವ ದೀಪದ ಬಲ್ಬ್ ಕಿತ್ತು ಬಲ ಚಕ್ರದ ದೀಪಕ್ಕೆ ಹಾಕಿ ನೋಡಿದರೆ ತಿಳಿಯುತ್ತಿತ್ತು. "ನಾನು ಹಾರಿಸ್ತೀನಿ. ಬಲ್ಬ್ ನೀವು ನೋಡಿ ಸಾರ್," ಎಂದಳು.

ಪರೀಕ್ಷಕರು ಉರಿಯುತ್ತಿದ್ದ ಎರಡರಲ್ಲಿ ಒಂದರ ಕಡಲೆಕಾಳಿನಷ್ಟಿದ್ದ ಬಲ್ಬ್ ಕಿತ್ತರು. ಅದು ಬೆರಳಿನಿಂದ ಜಾರಿ ಸೀಟಿನ ಕೆಳಗೆಲ್ಲೋ ಮಾಯವಾಯಿತು. ಇನ್ನೊಂದು ಕಿತ್ತರು. ಅದನ್ನು ಓರೆಯಾಗಿ ತುರುಕಿದರು, ತೆಗೆದರು, ಉಫ್ ಎಂದು ಊದಿದರು, ಮತ್ತೆ ಓರೆಯಾಗಿಯೇ ತುರುಕಿದರು. ಪಾಪ, ರಿಪೇರಿ ಅಕ್ಕ! ಒಂಚೂರು ತಿರುಗಿಸಿ ಒತ್ತಿದರೆ ಕೂರುವ ಬಲ್ಬದು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಹಲ್ಲು ಕಚ್ಚಿಕೊಂಡು ಎತ್ತರ ತೋರಿಸುವ ಮುಳ್ಳನ್ನೇ ನೋಡುತ್ತ ಕೂತಳು.

ಕೊನೆಗೆ ಆತ ಸೋತು, "ನಿಮ್ಮ ಕೈ ಇಂಥದ್ರಲ್ಲಿ ಚುರುಕಂತಲ್ಲ. ತಗೊಳ್ಳಿ, ನೀವೇ ಹಾಕ್ಬಿಡಿ," ಎಂದು ಬಲ್ಬನ್ನು ಅವಳ ಮೂಗಿನ ಹತ್ತಿರ ಹಿಡಿದರು.

ಅವಳ ಬಲಗೈ ಎದ್ದೇಬಿಟ್ಟಿತು. ಬಲ್ಬಿನಿಂದ ನಾಲ್ಕು ಬೆರಳು ದೂರದವರೆಗೂ ಹೋಯಿತು. ಅಷ್ಟರಲ್ಲಿ ಎತ್ತರದ ಮುಳ್ಳು ಒಂದು ಕೂದಲೆಳೆಯಷ್ಟು ಅಲುಗಿದ್ದು ಕಂಡಿತು. ಕೈಯನ್ನು ಹಿಂದಕ್ಕೆ ತಂದಿಟ್ಟಳು.

"ಬೇಡ ಸಾರ್. ಹಾರಿಸ್ತಿರೋದು ನಾನು. ಬಲ್ಬ್ ನಿಮ್ದು. ನಿಧಾನಕ್ಕೆ ಹಾಕಿ, ಇನ್ನೂ ಬೇಕಾದಷ್ಟು ಸುತ್ತಬಹುದು."

ಪರೀಕ್ಷಕರು ಬೆವರು ಒರೆಸಿಕೊಂಡು ಮತ್ತೆ ಬಾಗಿದರು. ವಿಮಾನ ಇನ್ನೂ ಎರಡು ಸುತ್ತು ಹೊಡೆಯಿತು. ಆಮೇಲೆ ಬಲ್ಬ್ ತಾನಾಗಿಯೇ ಬೇಸತ್ತು ಕೂತಿರಬೇಕು, ಬಲ ಚಕ್ರದ ದೀಪ ಪಕ್ಕನೆ ಹತ್ತಿತು. ಚಕ್ರ ಸರಿಯಾಗಿಯೇ ಇತ್ತು. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು. ಆದರೆ ಅಗೆಯುವಷ್ಟು ಹೊತ್ತೂ ವಿಮಾನ ಇದ್ದ ಎತ್ತರದಲ್ಲೇ ಇತ್ತು, ಅವಳಿಗೆ ಬೇಕಾಗಿದ್ದದ್ದು ಅದೇ. ಸುಖವಾಗಿ ಇಳಿಸಿದಳು.

ವಿಮಾನ ನಿಂತ ಮೇಲೆ ಅವಳಿಗೆ ಕೇಳದೆ ಇರಲಾಗಲಿಲ್ಲ. "ಸಾರ್, ಬಲ್ಬ್ ಬೀಳಿಸಿದ್ದು, ಆಮೇಲೆ ನನ್ನ ಕೈಗೆ ಕೊಡೋಕೆ ಬಂದಿದ್ದು, ಎಲ್ಲ ಬೇಕಂತಲೇ ತಾನೇ? ನನ್ನನ್ನ ಪರೀಕ್ಷೆ ಮಾಡೋಕೆ?"

ಪರೀಕ್ಷಕರು ಅಷ್ಟು ಹೊತ್ತಿಗೆ ಬೆಲ್ಟ್ ಬಿಚ್ಚಿ, ಸೀಟಿನ ಕೆಳಗೆ ಕೈ ಹಾಕಿ ಕಳೆದ ಬಲ್ಬನ್ನು ತಡಕುತ್ತಿದ್ದರು. ತಲೆ ಎತ್ತಿದಾಗ ಮುಖ ಇಂಗು ತಿಂದ ಮಂಗನಂತಾಗಿತ್ತು.

"ಎಲ್ಲಿ ಬಂತು ಪರೀಕ್ಷೆ. ನನ್ನ ಕೈಯೇ ಹಾಗೆ," ಎಂದರು. ಆಮೇಲೆ ದನಿ ತಗ್ಗಿಸಿ, "ಯಾರಿಗೂ ಹೇಳ್ಬೇಡಿ, ಕ್ಯಾಪ್ಟನ್," ಎಂದರು.