ಗುರುತು ಕಂಡರೆ ಸುಡುವುದಿಲ್ಲ

ಸಂಶೋಧನೆಗೆಂದು ಜರ್ಮನಿಯ ಲೈಪ್‌ಜಿಗ್‌ಗೆ ಬಂದ ಮೊದಲ ವಾರವೇ ನೂರಾರು ಹೆಂಗಸರ ಗರ್ಭಕೋಶದ ಬಾಯಿ ನೋಡಿಬಿಟ್ಟೆ. ಒಬ್ಬರ ಹೆಸರೂ ಗೊತ್ತಿಲ್ಲ. ಗಾಜಿನ ಮೇಲೆ ಕೂದಲಿಗಿಂತ ತೆಳ್ಳಗೆ ಕೊಯ್ದ ಕ್ಯಾನ್ಸರ್ ಗಡ್ಡೆ, ಪಕ್ಕದಲ್ಲೊಂದು ನಂಬರ್, ಅಷ್ಟೆ. ಅದಕ್ಕೆ ಬಣ್ಣ ಹಾಕುವುದು ನನ್ನ ಕೆಲಸ. ಕೆಲವು ಪ್ರೋಟೀನುಗಳಿದ್ದ ಕಡೆ ಕಂದು ಬಣ್ಣ ಕಟ್ಟುತ್ತದೆ. ಅದರ ದಟ್ಟಣೆ ನೋಡಿ, ಚಿಕಿತ್ಸೆಯ ನಂತರ ಯಾರಿಗೆ ಕಾಯಿಲೆ ಮರುಕಳಿಸಬಹುದೆಂದು ಮೊದಲೇ ತಿಳಿಯಲಾದೀತೇ ಎಂಬುದು ನಮ್ಮ ಹುಡುಕಾಟ.

ನಮ್ಮ ಅಕ್ಕೂರಿನಲ್ಲಿ ಬಾಗಿಲು ತೆರೆದರೆ ಯಾರಾದರೂ ಊಟ ಆಯ್ತಾ ಎಂದು ಕೇಳುತ್ತಿದ್ದರು. ಇಲ್ಲಿ ಭಾನುವಾರ ಬಟ್ಟೆ ಒಗೆಯುವ ಮಿಷನ್ ಹಾಕಿದ್ದಕ್ಕೆ ಕೆಳಗಿನ ಮನೆಯವರು ನನ್ನ ಬಾಗಿಲಿಗೆ ಚೀಟಿ ಅಂಟಿಸಿದ್ದರು. ಅದರಲ್ಲಿದ್ದ 'ರೂಹೆ' ನಾನು ಕಲಿತ ಮೊದಲ ಜರ್ಮನ್ ಪದ, ಸದ್ದಿಲ್ಲದಿರುವುದು ಎಂದರ್ಥ. ಆರು ತಿಂಗಳಿಗೆ ಬ್ರೆಡ್ ಅಂಗಡಿಯಾಕೆಯ ಜೊತೆ ಜರ್ಮನ್‌ನಲ್ಲೇ ಜಗಳವಾಡಿ ಗೆದ್ದೆ.

ಆ ಖುಷಿಯಲ್ಲಿ, ನನ್ನನ್ನು ಸಾಕಿದ ಚಿಕ್ಕವ್ವನಿಗೆ ಫೋನ್ ಮಾಡಿದೆ. "ಗಾಜಿನ್ ಮೇಲೆ ಗುರುತು ನೋಡಿ ಯಾರು ಉಳೀತಾರೆ ಅಂತ ಹೇಳ್ತೀವಿ ಚಿಕ್ಕವ್ವ" ಎಂದು ಜಂಬ ಕೊಚ್ಚಿಕೊಂಡೆ. ಎರಡು ತಿಂಗಳಿಗೆ ಅವಳಿಗೇ ಆ ಕಾಯಿಲೆ ಎಂದು ಗೊತ್ತಾಯಿತು. ಡಾಕ್ಟರು ಕರೆಂಟು ಇಡಬೇಕೆಂದರು. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಹೇಳುವುದೇ ಹಾಗೆ. ಚಿಕ್ಕವ್ವ ಒಪ್ಪಲಿಲ್ಲ.

"ನಂದೂ ಒಸಿ ತರಿಸ್ಕಂಡು ನೋಡ್ಬುಡು ಮಗ. ಗುರುತು ಐತೆ ಅಂದ್ರೆ ಸುಮ್ನೆ ಯಾಕೆ ಒದ್ದಾಡ್ಲಿ? ಚಿಟ್ಟೇಲಿ ಗುರುತು ಕಂಡ್ರೆ ಮೊಟ್ಟೆ ಮಡಿಕತಾರಾ?"

ರೇಷ್ಮೆ ಮೊಟ್ಟೆ ತಯಾರಿಸುವ ಕಡೆ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ತಾಯಿಯಿಂದ ಮರಿಗೆ ದಾಟುವ ಗಂಟುರೋಗದ ಗುರುತು ಕಂಡರೆ ಅದರ ಮೊಟ್ಟೆಗಳನ್ನೆಲ್ಲ ಸುಟ್ಟುಬಿಡುತ್ತಾರೆ. ಜೀವನವಿಡೀ ಹುಳ ಸಾಕಿದ ಚಿಕ್ಕವ್ವ ನನ್ನ ಮಾತನ್ನು ಹಾಗೆ ಕೇಳಿಸಿಕೊಂಡಿದ್ದಳು. ತಪ್ಪು ನನ್ನದೇ.

"ಹಂಗಲ್ಲ ಚಿಕ್ಕವ್ವ, ಗುರುತು ಇದ್ದೋರೂ ಎಷ್ಟೋ ಜನ ಉಳ್ಕಂಡವ್ರೆ. ನಾವು ಇನ್ನೂ ಕಲೀತಾ ಇದೀವಿ, ಒಬ್ರ ಹಣೇಬರ ಹೇಳಕ್ಕಾಗಲ್ಲ. ಗುರುತು ಇದ್ರೆ ಜಾಸ್ತಿ ಜ್ವಾಪಾನ ಮಾಡ್ಬೇಕು ಅಂತ ಅರ್ಥ, ಕೈ ಬುಟ್ಬುಡದಲ್ಲ."

"ಮತ್ತೆ ಅವತ್ತು ಹಂಗಂದೆ?"

"ಗೊತ್ತಿಲ್ದೆ ಅಂದ್ಬುಟ್ಟೆ. ತಪ್ಪಾಯ್ತು ಚಿಕ್ಕವ್ವ. ನಾಳೇನೆ ಹೋಗು."

ಮರುದಿನವಲ್ಲದಿದ್ದರೂ ಆ ವಾರವೇ ಹೋದಳು. ಈಗ ಪಕ್ಕದ ಮನೆಯಾಕೆಯನ್ನು ಜೊತೆ ಮಾಡಿಕೊಂಡು ಬೆಂಗಳೂರಿಗೆ ಓಡಾಡುತ್ತಿದ್ದಾಳೆ. ಮೊನ್ನೆ ಫೋನಿನಲ್ಲಿ ಅವಳ ದನಿ ತೀರಾ ಸೋತಿತ್ತು. ನನ್ನಿಂದ ತಡೆಯಲಾಗಲಿಲ್ಲ.

"ಎಲ್ಲ ಬುಟ್ಟು ಬಂದ್ಬುಡ್ತೀನಿ ಚಿಕ್ಕವ್ವ" ಅಂದೆ.

"ಬ್ಯಾಡ ಕಣ್ಮಗ. ನನ್ ಪಕ್ಕ ಕುಂತ್ಕಂಡು ಏನ್ ಮಾಡೀಯೆ? ಅಲ್ಲೇ ಇದ್ದು ಸರ್ಯಾಗಿ ಕಲಿ. ಇನ್ನೊಬ್ಳು ನನ್ನಂಗೆ ಹೆದ್ರಬಾರ್ದು."

ಬೇಡ ಅಂದಿದ್ದೇ ತಡ, ನನ್ನ ಎದೆ ಹಗುರವಾಯಿತು. ಅವಳು ಅಷ್ಟು ದೂರದಲ್ಲಿ ನರಳುತ್ತಿರುವಾಗ, ಇಲ್ಲೇ ಉಳಿಯಬಹುದೆಂದು ನಾನು ಖುಷಿಪಟ್ಟೆ. ಅದು ಅರಿವಾದ ಮೇಲೆ ಬಂದ ಅಳು ಇನ್ನೂ ನಿಂತಿಲ್ಲ.